ಹಳಿಯಾಳದ ಕೋಟೆಯೂ ಕಥೆಗಾರನ ನಿಧಿಯೂ

ಊರಿಗೊಂದು ಹಾಳುಕೋಟೆಯಿದ್ದರೆ ಅದರ ಬುಡದಲ್ಲಿ ಹೂಳಿಟ್ಟ ಹೊನ್ನೂ ಇರಲೇಬೇಕೆಂಬುದು ನಮ್ಮ ಜನರ ಬಹುಕಾಲದ ನಂಬಿಕೆ. ಏಳು ಕೊಪ್ಪರಿಗೆ, ಅವುಗಳ ಮೇಲೆ ಹೆಡೆಯೆತ್ತಿ ಕುಳಿತ ಸರ್ಪ, ಅಂಜನ ಹಾಕಿ ನೋಡಿ ಗುರುತು ಹೇಳುವ ಮಂತ್ರವಾದಿ, ಇವಿಲ್ಲದೆ ಅಜ್ಜಿಯ ಕಥೆ ಮುಂದುವರಿಯುವುದೇ ಇಲ್ಲ. ಧಾರವಾಡದ ಬಯಲು ಮುಗಿದು ಮಲೆನಾಡಿನ ತೇಗದ ಕಾಡು ತೊಡಗುವ ಎಡೆಯಲ್ಲಿರುವ ಹಳಿಯಾಳಕ್ಕೂ ಒಂದು ಕೋಟೆಯುಂಟು. ಆದರೆ ಆ ಸೀಮೆಯ ಇತಿಹಾಸವನ್ನು ಕೆದಕಿದವರಿಗೆ ಕೊಪ್ಪರಿಗೆಗಿಂತಲೂ ಸೋಜಿಗದ ವಸ್ತುಗಳು ದೊರೆಯುತ್ತವೆ.

ಘಟ್ಟದ ಮೇಲಿನ ಈ ನಾಡು ಸೋದೆಯ ಅರಸರಿಗೆ ಸೇರಿತ್ತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಬಳಿಕ ಸೋದೆಯ ಮೇಲೂ ದಂಡನ್ನು ಕಳುಹಿಸಿದಾಗ, ಅಲ್ಲಿಯ ಅರಸನು ಪರಿವಾರ ಸಮೇತನಾಗಿ ಘಟ್ಟವಿಳಿದು ಗೋವೆಯ ಪೋರ್ಚುಗೀಸರ ಆಶ್ರಯವನ್ನು ಸೇರಿದನು. ಅವಸರದಲ್ಲಿ ಅರಮನೆ ಬಿಟ್ಟವನು ಏನನ್ನು ಹೊತ್ತೊಯ್ದನು, ಏನನ್ನು ಬಿಟ್ಟುಹೋದನು? ನಿಧಿಯ ಕಥೆಗಳೆಲ್ಲ ಹುಟ್ಟುವುದು ಇಂಥ ಪ್ರಶ್ನೆಯಿಂದಲೇ.

ಇಂಗ್ಲಿಷ್ ಕಾದಂಬರಿಕಾರ ವಿಲ್ಕಿ ಕಾಲಿನ್ಸನಿಗೆ ಅಂಥದೊಂದು ಪ್ರಶ್ನೆ ನಮ್ಮ ಶ್ರೀರಂಗಪಟ್ಟಣದಿಂದಲೇ ದೊರೆಯಿತು. 1799ರ ಮೇ 4ರಂದು ಕೋಟೆ ಬಿದ್ದ ರಾತ್ರಿ ಸಿಪಾಯಿಗಳು ಪಟ್ಟಣವನ್ನು ಮನೆಮನೆಯಾಗಿ ಸೂರೆ ಮಾಡಿದರು. ಆ ಗೊಂದಲದಲ್ಲಿ ಗೋರಾ ಅಧಿಕಾರಿಯೊಬ್ಬನು ಕೊಲೆ ಮಾಡಿ ವಜ್ರವೊಂದನ್ನು ಅಪಹರಿಸಿದನೆಂದು ಕಲ್ಪಿಸಿ ಅವನು ಬರೆದ ‘ಮೂನ್‌ಸ್ಟೋನ್’, 1868ರಲ್ಲಿ ಡಿಕನ್ಸನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹೊರಬಂದು ಪತ್ತೇದಾರಿ ಕಾದಂಬರಿಗಳಿಗೆ ದಾರಿ ತೋರಿತು. ವಜ್ರ ಕಲ್ಪನೆಯದು, ಸೂರೆ ಮಾತ್ರ ನಿಜವಾದುದು. ಅದನ್ನು ಅಡಗಿಸಲು ಗಲ್ಲು, ಛಡಿಯೇಟುಗಳ ಶಿಕ್ಷೆ ವಿಧಿಸಬೇಕಾಯಿತು. ಹಾಗೆ ವಿಧಿಸಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್.

ಕಾಲಿನ್ಸನು ಅರಿಯದೆ ಬಿಟ್ಟ ಅರ್ಧಕಥೆ ಹಳಿಯಾಳದ ಕಡೆಗೆ ಬರುತ್ತದೆ. ಕೋಟೆ ಬಿದ್ದಾಗ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದವರಲ್ಲಿ ಚನ್ನಗಿರಿಯ ಧೋಂಡಿಯಾ ವಾಘನೂ ಒಬ್ಬ. ಮುರಿದ ಸೈನ್ಯದ ಅಳಿದುಳಿದ ಸವಾರರನ್ನು ಕೂಡಿಸಿ, ‘ಉಭಯ ಲೋಕಾಧೀಶ್ವರ’ನೆಂದು ತನ್ನನ್ನೇ ಕರೆದುಕೊಂಡು, ತುಂಗಭದ್ರೆಯಿಂದ ಮಲಪ್ರಭೆಯವರೆಗೆ ಅವನು ಸುಳಿದಾಡಿದನು. ಕಂಪನಿಯವರ ಕಣ್ಣಿಗೆ ದರೋಡೆಗಾರ. ಇಂದು ಹಲವರಿಗೆ ಪರಕೀಯರನ್ನು ಎದುರಿಸಿದ ವೀರ. 1800ರಲ್ಲಿ ಅವನನ್ನು ಬೆನ್ನಟ್ಟಿದ ವೆಲ್ಲೆಸ್ಲಿಗೆ ಹಳಿಯಾಳವು ಗಡಿಯ ಮುಖ್ಯ ಠಾಣ್ಯವಾಗಿತ್ತು. ಅವನ ಪತ್ರಗಳಲ್ಲಿ ಈ ಊರಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಮಳೆಗಾಲದ ಕೆಸರಿನಲ್ಲಿ ನಡೆದ ಆ ಬೇಟೆಯು ಡಂಬಳ, ಮನೋಳಿಗಳನ್ನು ದಾಟಿ, ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯಾನ ಮರಣದೊಂದಿಗೆ ಮುಗಿಯಿತು.

ಅಷ್ಟು ಊರುಗಳಲ್ಲಿ ಕಪ್ಪ ಎತ್ತಿದವನ ಹಣವೆಲ್ಲಿ ಹೋಯಿತೆಂದು ಕೇಳುವುದು ಸಹಜ. ಗೆದ್ದವರಿಗೆ ಅವನ ಸಾಮಾನುಗಳ ನಡುವೆ ಸಿಕ್ಕಿದ್ದು ನಾಲ್ಕು ವರ್ಷದ ಒಬ್ಬ ಹುಡುಗ! ಅವನೇ ಧೋಂಡಿಯಾನ ಮಗ ಸಲಾಬತ್ ಖಾನ್. ತಂದೆಯನ್ನು ಬೇಟೆಯಾಡಿದ ವೆಲ್ಲೆಸ್ಲಿಯೇ ಮಗುವನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದನು. 1805ರಲ್ಲಿ ಹಿಂದೂಸ್ತಾನವನ್ನು ಬಿಡುವಾಗ ಅವನ ಪೋಷಣೆಗೆಂದು ಹಣವನ್ನೂ ಇರಿಸಿಹೋದನು. ಕಾದಂಬರಿಕಾರನೊಬ್ಬನು ಇದನ್ನೇ ಕಲ್ಪಿಸಿ ಬರೆದಿದ್ದರೆ ಓದುಗರು ನಂಬುತ್ತಿದ್ದರೋ ಇಲ್ಲವೋ. ತಂದೆಯ ತಲೆ ತೆಗೆಸಿದವನ ಅನ್ನವುಂಡು ಬೆಳೆದ ಆ ಹುಡುಗನು ದೊಡ್ಡವನಾದಾಗ ಏನು ನೆನೆದಿರಬಹುದು?

ನಿಧಿಯ ಕಥೆಗೆ ಚಿನ್ನ ಅಷ್ಟೇನೂ ಬೇಕಾಗುವುದಿಲ್ಲ. ಸ್ಟೀವನ್‌ಸನ್ನನು 1881ರ ಬೇಸಗೆಯಲ್ಲಿ ತನ್ನ ಮಲಮಗನ ವಿನೋದಕ್ಕಾಗಿ ಬಣ್ಣದಲ್ಲಿ ಬರೆದ ದ್ವೀಪದ ನಕ್ಷೆಯೊಂದರಿಂದ ‘ಟ್ರೆಷರ್ ಐಲೆಂಡ್’ ಹುಟ್ಟಿತು. ವಿನೋದವೆಂದರೆ, ಪ್ರಕಾಶಕರಿಗೆ ಕಳುಹಿಸಿದ ಆ ಮೂಲ ನಕ್ಷೆಯೇ ಕಳೆದುಹೋಗಿ, ತನ್ನ ಕಾದಂಬರಿಯನ್ನು ತಾನೇ ಓದಿ ಅವನು ಎರಡನೆಯದನ್ನು ಬರೆಯಬೇಕಾಯಿತು. ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿಯವರು ‘ಜುಗಾರಿ ಕ್ರಾಸ್’ನಲ್ಲಿ ಎರಡರ್ಥ ಹೊಮ್ಮಿಸುವ ಹಳೆಯ ಕಾವ್ಯವೊಂದರೊಳಗೆ ರತ್ನಗಳ ಜಾಡನ್ನಡಗಿಸಿ, ಏಲಕ್ಕಿ ಮಾರಲು ಹೊರಟ ಬಡ ದಂಪತಿಗಳನ್ನು ಅದರ ಸುಳಿಗೆ ತಳ್ಳಿದರು.

ಕಥೆಯನ್ನು ನಿಜವೆಂದು ನಂಬಿ ಹಾರೆ ಹಿಡಿದವರಿಂದ ಆದ ಹಾನಿ ಸ್ವಲ್ಪವಲ್ಲ. ಇರುಳಿನಲ್ಲಿ ಪಾಳುಗುಡಿಯ ಗರ್ಭಗುಡಿಯನ್ನು ಅಗೆದು, ಪೀಠವನ್ನು ಮಗುಚಿ, ವೀರಗಲ್ಲನ್ನು ಒಡೆದುಹಾಕುವವರಿಗೆ ಸಿಕ್ಕುವುದು ಮಣ್ಣು; ನಾಡಿಗೆ ನಷ್ಟವಾಗುವುದು ಓದಬಹುದಾಗಿದ್ದ ಶಾಸನ. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾನೂನು ಹೇಳುತ್ತದೆ. ಅಂಜನದವನು ಅದನ್ನು ಹೇಳುವುದಿಲ್ಲ.

ಹಳಿಯಾಳದಿಂದ ದಾಂಡೇಲಿಯನ್ನು ದಾಟಿ ಮುಂದೆ ಹೋದರೆ ಕಾಳಿ ನದಿಗೆ ಕಟ್ಟಿದ, 101 ಮೀಟರು ಎತ್ತರದ ಸೂಪಾ ಅಣೆಕಟ್ಟು ಎದುರಾಗುತ್ತದೆ. ಆ ನೀರಿನ ಕೆಳಗಿರುವುದು ದಂತಕಥೆಯ ಊರಲ್ಲ. ಸೂಪಾ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿತ್ತು. ಪೇಟೆಯಿತ್ತು, ಕಚೇರಿಯಿತ್ತು, ಸಂಜೆಗೆ ದೀಪ ಹಚ್ಚುವ ಹೊಸ್ತಿಲುಗಳಿದ್ದವು. ಜಲಾಶಯ ತುಂಬಿದಾಗ ಕಚೇರಿ ಜೋಯಿಡಾಕ್ಕೆ ಹೋಯಿತು. ಜನರು ಹೊರಬಹುದಾದುದನ್ನು ಹೊತ್ತು, ಉಳಿದುದನ್ನು ಬಿಟ್ಟು ನಡೆದರು.