ಆಡುವ ನಾಯಿಯ ಛಾಯಾಚಿತ್ರ

ನಾಯಿ ಸಾಕಿದವರ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಛಾಯಾಚಿತ್ರಗಳು ಕಾಣಸಿಗುತ್ತವೆ. ಒಂದರಲ್ಲಿ ನಾಯಿ ಯಜಮಾನನ ಕಾಲ ಬಳಿ ನೆಟ್ಟಗೆ ಕುಳಿತಿರುತ್ತದೆ. ಅದರ ಕೊರಳಪಟ್ಟಿಯನ್ನು ಯಾರದೋ ಕೈ ಬಿಗಿಯಾಗಿ ಹಿಡಿದಿರುತ್ತದೆ. ಇನ್ನೊಂದರಲ್ಲಿ ಅದು ಹಳೆಯ ಚಪ್ಪಲಿಯೊಂದನ್ನು ಕಚ್ಚಿಕೊಂಡು, ಒಂದು ಕಿವಿಯನ್ನು ಮಡಿಸಿ, ಇನ್ನೊಂದನ್ನು ಗಾಳಿಗೆ ಹಾರಿಸಿ, ಚಿತ್ರದ ಅಂಚಿನಿಂದ ಹೊರಕ್ಕೆ ಓಡುತ್ತಿರುತ್ತದೆ. ಮೊದಲನೆಯದು ನಾಯಿ ನಮ್ಮದು ಎಂಬುದಕ್ಕೆ ದಾಖಲೆ; ಎರಡನೆಯದು ಆ ನಾಯಿ ಎಂಥದು ಎಂಬುದಕ್ಕೆ ಸಾಕ್ಷಿ. ಬಹುಕಾಲದಿಂದ ಈ ಹವ್ಯಾಸ ಹಚ್ಚಿಕೊಂಡಿರುವ ನನಗೆ ಎರಡನೆಯ ಬಗೆಯ ಚಿತ್ರದ ಮೇಲೆಯೇ ಮೋಹ. ಅದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇಂಥ ಚಿತ್ರಕ್ಕಾಗಿ ಛಾಯಾಗ್ರಹಣ ಕಲೆಯೇ ಬಹಳ ಕಾಲ ಕಾಯಬೇಕಾಯಿತು. 1839ರಲ್ಲಿ ಡಾಗೇರನ ವಿಧಾನ ಪ್ರಕಟವಾದಾಗ ಫಲಕದ ಮೇಲೆ ಬಿಂಬ ಮೂಡಲು ನಿಮಿಷಗಳೇ ಬೇಕಾಗುತ್ತಿದ್ದವು. ಅಷ್ಟು ಹೊತ್ತು ಅಲುಗದಿರುವ ನಾಯಿಯೆಂದರೆ ನಿದ್ರಿಸುವ ನಾಯಿಯೇ ಸರಿ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯರೂ ಪ್ರಾಣಿಗಳೂ ತಮ್ಮ ಭಾವಗಳನ್ನು ಹೊರಗೆಡಹುವ ಬಗೆಯನ್ನು ಕುರಿತು ಗ್ರಂಥ ಬರೆದಾಗ, ಮನುಷ್ಯರ ಮುಖಗಳಿಗೆ ಛಾಯಾಚಿತ್ರಗಳನ್ನು ಬಳಸಿಕೊಂಡ. ಸಿಟ್ಟಾದ ನಾಯಿಯನ್ನೂ ಒಡೆಯನ ಮುಂದೆ ಮೈ ಬಳುಕಿಸುವ ನಾಯಿಯನ್ನೂ ಕಲಾವಿದರ ಕೈಯಿಂದ ಬರೆಸಿದ. 1878ರಲ್ಲಿ ಮೈಬ್ರಿಜ್ ಎಂಬಾತ ಸಾಲಾಗಿ ನಿಲ್ಲಿಸಿದ 12 ಕ್ಯಾಮೆರಾಗಳಿಂದ ಓಡುವ ಕುದುರೆಯ ಹೆಜ್ಜೆಗಳನ್ನು ಹಿಡಿದ ಮೇಲೆಯೇ ಪ್ರಾಣಿಗಳ ಚಲನೆ ಕಣ್ಣಿಗೆ ಸ್ಪಷ್ಟವಾದದ್ದು. 1887ರಲ್ಲಿ ಅವನು ಹೊರತಂದ ಚಿತ್ರಸಂಪುಟದಲ್ಲಿ ನಾಯಿಗಳೂ ನಡೆದಿವೆ, ಓಡಿವೆ. 1925ರಲ್ಲಿ ಲೈಕಾ ಎಂಬ ಪುಟ್ಟ ಜರ್ಮನ್ ಕ್ಯಾಮೆರಾ ಮಾರುಕಟ್ಟೆಗೆ ಬಂದಿತು. ಕ್ಯಾಮೆರಾ ಮುಕ್ಕಾಲಿ ಪೀಠದಿಂದ ಇಳಿದು ಕೈಗೆ ಬಂದಿತು. ಇಂದಂತೂ ಜೇಬಿನ ಮೊಬೈಲೇ ಒಂದು ಸೆಕೆಂಡಿನಲ್ಲಿ ಹತ್ತು ಚಿತ್ರ ತೆಗೆಯಬಲ್ಲದು. ಸಲಕರಣೆಯ ತೊಡಕು ನೀಗಿತು. ನೋಡುವುದರ ತೊಡಕು ಮಾತ್ರ ಹಾಗೆಯೇ ಉಳಿದಿದೆ.

ಮೊದಲ ತೊಡಕು ನಮ್ಮ ಎತ್ತರದ್ದು. ನಿಂತಲ್ಲಿಂದಲೇ ತೆಗೆದ ಚಿತ್ರದಲ್ಲಿ ನಾಯಿಯೆಂದರೆ ಒಂದು ಬೆನ್ನು ಮತ್ತು ಮೇಲಕ್ಕೆ ಎತ್ತಿದ ಮೂತಿ. ನೆಲಕ್ಕೆ ಕುಳಿತು, ಬೇಕಾದರೆ ಮಲಗಿ, ಅದರ ಕಣ್ಣಿನ ಮಟ್ಟದಿಂದ ನೋಡಿದಾಗ ಜಗತ್ತೇ ಬೇರೆ: ಮೇಜಿನ ಕೆಳಗೊಂದು ಮಂಟಪ, ಹೊಸ್ತಿಲೊಂದು ಕೋಟೆ. ಆದರೆ ಮಸೂರದ ದೊಡ್ಡ ಕಣ್ಣು ಎವೆಯಿಕ್ಕದೆ ದುರುಗುಟ್ಟುವುದು ಎಷ್ಟೋ ನಾಯಿಗಳಿಗೆ ಸೇರುವುದಿಲ್ಲ. ಆದ್ದರಿಂದ ನಮ್ಮ ಮನೆಯ ಕೆಂಚನಿಗೆ ನಾನು ಮೊದಲು ಕ್ಯಾಮೆರಾವನ್ನು ಮೂಸಲು ಕೊಡುತ್ತೇನೆ. ತಿನ್ನುವ ವಸ್ತುವಲ್ಲವೆಂದು ಖಚಿತವಾದ ಬಳಿಕ ಅವನು ಅದನ್ನೂ, ಅದರ ಹಿಂದಿರುವ ನನ್ನನ್ನೂ ಮರೆತುಬಿಡುತ್ತಾನೆ. ಸಹಜಚಿತ್ರದ ಬಾಗಿಲು ತೆರೆಯುವುದು ಈ ಮರೆವಿನಿಂದ.

ಎರಡನೆಯದು ಆಟದ ಭಾಷೆ. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆ ತಗ್ಗಿಸಿ, ಹಿಂಭಾಗವನ್ನು ಎತ್ತಿ ನಾಯಿ ಬಾಗುವುದನ್ನು ನೀವೆಲ್ಲ ನೋಡಿದ್ದೀರಿ. ಇನ್ನು ಮುಂದೆ ನಾನು ಕಚ್ಚಿದರೂ ಗುರುಗುಟ್ಟಿದರೂ ಅದೆಲ್ಲ ಆಟ ಎಂದು ಎದುರಾಳಿಗೆ ಅದು ಕೊಡುವ ಮಾತು ಅದು. ಆ ಭಂಗಿಯಲ್ಲಿ ಅರೆಗಳಿಗೆ ತಡೆದು ನಿಂತು, ಮರುಕ್ಷಣ ಬಾಣದಂತೆ ಚಿಮ್ಮುತ್ತದೆ. ಈ ಸೂಚನೆ ಗೊತ್ತಿದ್ದವನಿಗೆ ನೆಗೆತದ ಚಿತ್ರ ಅದೃಷ್ಟದ ಮಾತಲ್ಲ. ನೆಗೆತದ ತುದಿಯಲ್ಲಿ, ಏರುವುದು ಮುಗಿದು ಇಳಿಯುವುದು ತೊಡಗುವ ಮುನ್ನ, ದೇಹ ಗಾಳಿಯಲ್ಲಿ ನಿಂತಂತಿರುತ್ತದೆ. ಗುಂಡಿ ಒತ್ತಬೇಕಾದದ್ದು ಆಗ. ನಮ್ಮ ಮುಧೋಳದ ಬೇಟೆನಾಯಿಯಂಥ ತೆಳುಮೈಯ ನಾಯಿಗಳು ನಾಗಾಲೋಟದಲ್ಲಿ ಒಂದೊಂದು ಆವರ್ತಕ್ಕೂ ಎರಡು ಸಲ ಪೂರ್ತಿಯಾಗಿ ನೆಲ ಬಿಡುತ್ತವೆ, ಮೈ ಚಾಚಿದಾಗ ಒಮ್ಮೆ, ಮುದುಡಿದಾಗ ಒಮ್ಮೆ. ಅದನ್ನು ಮಸುಕಾಗದಂತೆ ಹಿಡಿಯಲು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ವೇಗ ಬೇಕು. ಅಷ್ಟು ವೇಗಕ್ಕೆ ಧಾರಾಳವಾದ ಹಗಲುಬೆಳಕು ಬೇಕು.

ಬೆಳಕಿನ ಬಗ್ಗೆ ಇನ್ನೆರಡು ಮಾತು. ಕ್ಯಾಮೆರಾದ ಬೆಳಕಿನ ಮಾಪಕ ಎದುರಿಗಿರುವುದೆಲ್ಲ ನಡುಬಣ್ಣದ್ದೆಂದೇ ಭಾವಿಸುತ್ತದೆ. ಹೀಗಾಗಿ ಚಿತ್ರವನ್ನೆಲ್ಲ ತುಂಬಿದ ಕರಿಯ ನಾಯಿ ಬೂದಿ ಬಳಿದುಕೊಂಡಂತೆ ಕಾಣುತ್ತದೆ, ಬಿಳಿಯ ನಾಯಿ ಕೊಳೆಯಾದಂತೆ. ಕರಿಯದಕ್ಕೆ ಬೆಳಕನ್ನು ತುಸು ತಗ್ಗಿಸಬೇಕು, ಬಿಳಿಯದಕ್ಕೆ ತುಸು ಹೆಚ್ಚಿಸಬೇಕು. ಫ್ಲ್ಯಾಷ್ ಬೇಡವೇ ಬೇಡ. ನಾಯಿಯ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿ ಹೊಳೆಯಿಸುವ ಪೊರೆಯೊಂದಿದೆ. ಇರುಳಿನಲ್ಲಿ ಅದಕ್ಕೆ ಕಾಣಲು ನೆರವಾಗುವ ಆ ಪೊರೆಯೇ ಫ್ಲ್ಯಾಷಿನ ಮುಂದೆ ಮನೆಯ ಮುದ್ದಿನ ಪ್ರಾಣಿಯನ್ನು ಹಸಿರುಗಣ್ಣಿನ ಭೂತವಾಗಿಸುತ್ತದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ತಮಾಷೆಯ ಚಿತ್ರ ಬೇಕೆಂದು ನಾಯಿಗೆ ಕನ್ನಡಕ ತೊಡಿಸುವವರಿದ್ದಾರೆ, ಟೋಪಿ ಇಡುವವರಿದ್ದಾರೆ, ಕೂಸಿನಂತೆ ಅಂಗಿ ಹಾಕಿ ಎರಡು ಕಾಲಿನಲ್ಲಿ ನಿಲ್ಲಿಸುವವರಿದ್ದಾರೆ. ನೋಡುವವರು ನಗುತ್ತಾರೆ. ಆದರೆ ಅಂಥ ಚಿತ್ರವನ್ನು ಒಮ್ಮೆ ನಿಧಾನವಾಗಿ ನೋಡಿ. ನಾಯಿ ಮುಖವನ್ನು ಒಂದು ಕಡೆಗೆ ತಿರುಗಿಸಿರಬಹುದು; ಕಣ್ಣಂಚಿನ ಬಿಳುಪು ಕಾಣುತ್ತಿರಬಹುದು; ಕಿವಿ ಹಿಂದಕ್ಕೆ ಒರಗಿ, ನಾಲಗೆ ಮೂಗನ್ನು ನೆಕ್ಕುತ್ತಿರಬಹುದು; ನಿದ್ದೆಯಿಲ್ಲದೆಯೇ ಆಕಳಿಸುತ್ತಿರಬಹುದು. ಇವು ಮುಜುಗರದ, ಕೆಲವೊಮ್ಮೆ ಭಯದ ಗುರುತುಗಳು. ನಾವು ನಗುವೆಂದು ಓದಿದ್ದು ಅದರ ಪಾಲಿಗೆ ಬಿಡುಗಡೆಯ ಬೇಡಿಕೆಯಾಗಿರಬಹುದು. ಆಡುವ ನಾಯಿಯ ಮೈ ಸಡಿಲವಾಗಿರುತ್ತದೆ, ಬಾಯಿ ಅರೆತೆರೆದಿರುತ್ತದೆ. ಆಟ ಸಾಕೆನಿಸಿದಾಗ ಅದು ಎದ್ದು ಹೋಗಬಲ್ಲದು. ಹೀಗೆ ಎದ್ದು ಹೋಗುವ ಸ್ವಾತಂತ್ರ್ಯ ಇರುವಲ್ಲಿ ಮಾತ್ರ ಆಟವೆಂಬುದಿದೆ. ಕೆಂಚ ಬೆನ್ನು ತಿರುಗಿಸಿ ಮಲಗಿದನೆಂದರೆ ನನ್ನ ಕ್ಯಾಮೆರಾವೂ ಚೀಲ ಸೇರುತ್ತದೆ.

ನಾಯಿಗಳ ಚಿತ್ರದಿಂದಲೇ ಜಗತ್ಪ್ರಸಿದ್ಧನಾದ ಎಲಿಯಟ್ ಅರ್ವಿಟ್ 1928ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ನೆಲೆಸಿ, 2023ರಲ್ಲಿ ತೀರಿಕೊಂಡ. 1946ರಲ್ಲಿ ನ್ಯೂಯಾರ್ಕಿನಲ್ಲಿ ಅವನು ತೆಗೆದ ಚಿತ್ರವೊಂದಿದೆ. ಉಣ್ಣೆಯಂಗಿ ತೊಟ್ಟ ಗೇಣುದ್ದದ ನಾಯಿ. ಪಕ್ಕದಲ್ಲಿ ಒಬ್ಬ ಹೆಂಗಸಿನ ಪಾದಗಳು. ಅಷ್ಟೇ. ಮನುಷ್ಯಳ ಮುಖವೇ ಇಲ್ಲ, ಏಕೆಂದರೆ ಅಷ್ಟು ಚಿಕ್ಕ ಪ್ರಾಣಿಯ ಮಟ್ಟದಲ್ಲಿ ನಿಂತ ಕ್ಯಾಮೆರಾಕ್ಕೆ ನಾವೆಂದರೆ ಪಾದಗಳೇ. ನಾಯಿ ನೆಗೆಯಲೆಂದು ಅರ್ವಿಟ್ ತಾನೇ ಬೊಗಳುತ್ತಿದ್ದನಂತೆ. ನಗು ಇಲ್ಲಿ ನಾಯಿಯ ಮೇಲೆ ಹೊರಿಸಿದ್ದಲ್ಲ, ಅದರೊಡನೆ ಹಂಚಿಕೊಂಡದ್ದು.

ಇಷ್ಟೆಲ್ಲ ಏಕೆಂದು ಕೇಳುಗರು ಕೇಳಬಹುದು. ನಾಯಿಯ ಆಯುಸ್ಸು ಹತ್ತು ಹನ್ನೆರಡು ವರ್ಷ, ಹೆಚ್ಚೆಂದರೆ ಹದಿನೈದು. ನಮ್ಮ ಒಂದು ಬಾಳಿನಲ್ಲಿ ಹಲವು ನಾಯಿಗಳ ಬಾಳು ಮುಗಿದುಹೋಗುತ್ತದೆ. ಹೋದ ಪ್ರಾಣಿಯನ್ನು ಅದರ ನಡೆಯಲ್ಲೇ ನೆನೆಯಬೇಕೆಂಬ ಆಸೆ ಕನ್ನಡ ನಾಡಿಗೆ ಹೊಸದಲ್ಲ. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ವೀರಗಲ್ಲೊಂದು ದೊರೆತಿದೆ. ಗಂಗ ಬೂತುಗನ ವೀರ ಮಣಲೇರ ತನ್ನ ಸಾಹಸಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಾಗ ಕಲ್ಲು ನಿಲ್ಲಿಸಿದರು. ಅದಕ್ಕೆ ಪೂಜೆ ಸಲ್ಲಿಸದೆ ಅಲ್ಲಿನ ಗೊರವ ಉಣಬಾರದೆಂಬ ಕಟ್ಟಳೆಯೂ ಶಾಸನದಲ್ಲಿದೆ. ಕಲ್ಲಿನ ಮೇಲೆ ಶಿಲ್ಪಿ ಕಡೆದದ್ದು ಯಜಮಾನನ ಕಾಲ ಬಳಿ ವಿಧೇಯವಾಗಿ ಕುಳಿತ ನಾಯಿಯನ್ನಲ್ಲ. ಹಂದಿಗೆ ಎದುರಾಗಿ ಸೆಣಸುತ್ತಿರುವ ಕಾಳಿಯನ್ನು. ಸಾವಿರ ವರ್ಷ ಕಳೆದರೂ ಅವಳ ಕೊರಳಪಟ್ಟಿಯನ್ನು ಯಾರೂ ಹಿಡಿದಿಲ್ಲ.