ಬೀಗ ಹಾಕಿದರೆ ಸಾಕೇ?

ರಜೆಗೆ ಬಂದಿದ್ದ ಮೊಮ್ಮಗಳನ್ನು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಮೊದಲು ಅದು ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದದ್ದೂ ಅಲ್ಲೇ. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಆ ಜಾಗ ಉದ್ಯಾನವಾಯಿತು. ಹಳೆಯ ಗೋಡೆ ಮುಟ್ಟಿ ನೋಡುತ್ತಾ ಅವಳು ಕೇಳಿದಳು: "ತಾತ, ಕಳ್ಳರನ್ನೆಲ್ಲ ಜೈಲಿಗೆ ಹಾಕಿಬಿಟ್ಟರೆ ಕಳ್ಳತನವೇ ಇರಲ್ಲ, ಅಲ್ವಾ?"

ನನಗೆ ನಲವತ್ತು ವರ್ಷದ ಹಿಂದಿನದು ನೆನಪಾಯಿತು. ಊರಿನಲ್ಲಿ ನನ್ನ ಸೈಕಲ್ ಕಳುವಾಗಿತ್ತು. ಕದ್ದವನು ಪಕ್ಕದ ಬೀದಿಯ ಹತ್ತೊಂಬತ್ತರ ಹುಡುಗ. ಪಂಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ದೂರು ಕೊಟ್ಟೆ. ಸೈಕಲ್ ಮನೆಗೆ ಬಂತು, ಹುಡುಗ ಜೈಲಿಗೆ ಹೋದ. ಜಾಮೀನು ನಿಲ್ಲುವವರಿಲ್ಲದೆ, ವಿಚಾರಣೆಗೆ ಮೊದಲೇ ಎಂಟು ತಿಂಗಳು ಒಳಗಿದ್ದ. ಹೊರಬಂದಾಗ ಇದ್ದ ಕೆಲಸ ಹೋಗಿತ್ತು. ಬೇರೆ ಯಾರೂ ಕೊಡಲಿಲ್ಲ. ವರ್ಷದೊಳಗೆ ಮನೆ ಕಳವಿನಲ್ಲಿ ಸಿಕ್ಕಿಬಿದ್ದ. "ಒಳಗೆ ಹೋದಾಗ ಬೀಗ ಒಡೆಯೋದು ಗೊತ್ತಿರಲಿಲ್ಲ ಸ್ವಾಮಿ, ಅಲ್ಲೇ ಕಲಿತ" ಎಂದು ಅವನ ತಾಯಿ ನನ್ನೆದುರು ಅತ್ತಳು.

"ಹಾಗಾದ್ರೆ ಜೈಲೇ ಬೇಡ್ವಾ?"

ಬೇಕು. ಕೊಲೆ, ಸುಲಿಗೆ ಮಾಡುವವನು ಒಳಗಿದ್ದಷ್ಟು ದಿನ ಹೊರಗಿನವರು ನೆಮ್ಮದಿಯಾಗಿರುತ್ತಾರೆ. ಅದು ಲಾಭ. ಆದರೆ ತಕ್ಕಡಿಗೆ ಎರಡು ತಟ್ಟೆ. ಕೈದಿಯ ಊಟ, ಔಷಧಿ, ಕಾವಲು ಎಲ್ಲ ನಮ್ಮ ತೆರಿಗೆ ಹಣ. ಅತ್ತ ಅವನ ಮನೆಯಲ್ಲಿ ದುಡಿಯುವ ಕೈ ಇಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಜಾಗವಿದ್ದದ್ದು 4,36,266 ಮಂದಿಗೆ, ಇದ್ದವರು 5,73,220. ಅವರಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣಾಧೀನರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು.

ಮೇಷ್ಟ್ರು ವರ್ಷಕ್ಕೊಮ್ಮೆ ಜೋರಾಗಿ ಹೊಡೆಯುವುದಕ್ಕಿಂತ, ದಿನಾ ಹೋಂವರ್ಕ್ ನೋಡುತ್ತಾರೆ ಎಂಬುದೇ ಮಕ್ಕಳನ್ನು ಬರೆಸುತ್ತದೆ. ಅಪರಾಧವೂ ಹಾಗೆಯೇ: ಶಿಕ್ಷೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಸಿಕ್ಕಿಬೀಳುವುದು ಖಂಡಿತ ಎಂಬ ಅರಿವೇ ಹೆಚ್ಚು ತಡೆಯುತ್ತದೆ ಎನ್ನುತ್ತಾರೆ ತಜ್ಞರು.

ಬೇರೆ ದಾರಿಗಳೂ ಇವೆ. ರಾಜಸ್ಥಾನದ ಸಾಂಗಾನೇರ್ ಬಯಲು ಬಂದೀಖಾನೆಯಲ್ಲಿ ಕೈದಿಗಳು ಸಂಸಾರದೊಂದಿಗೆ ಇರುತ್ತಾರೆ. ಹಗಲು ಹೊರಗೆ ದುಡಿದು, ಸಂಜೆ ಹಾಜರಿಗೆ ಮರಳುತ್ತಾರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಹಿಂತಿರುಗಿಸಿದವನಿಗೆ ಜೈಲಿನ ಬದಲು ಸಮುದಾಯ ಸೇವೆಯೇ ಶಿಕ್ಷೆ. ಆಗಲೇ ಈ ಕಾನೂನು ಇದ್ದಿದ್ದರೆ ಆ ಹುಡುಗ ಕೆಲವು ದಿನ ಆಸ್ಪತ್ರೆಯ ಅಂಗಳ ಗುಡಿಸಿ, ಮತ್ತೆ ಪಂಚರ್ ಅಂಗಡಿಗೆ ಹೋಗುತ್ತಿದ್ದನೇನೋ.

"ಅವನು ಈಗ ಎಲ್ಲಿದ್ದಾನೆ ತಾತ?"

ನನ್ನಲ್ಲಿ ಉತ್ತರವಿರಲಿಲ್ಲ. ಸೈಕಲ್ ಮಾತ್ರ ಬಹಳ ವರ್ಷ ನನ್ನ ಬಳಿಯೇ ಇತ್ತು.