ಕೇಪಿನ ಕೋವಿಗೆ ಕರಿಮದ್ದೇ ಏಕೆ?

ಸೆಪ್ಟೆಂಬರ್ 3ರ ಸುಮಾರಿಗೆ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ. ಗದ್ದೆಯ ನಾಟಿ ಮುಗಿದಿರುತ್ತದೆ. ಕತ್ತಿ, ಕೋವಿಗಳನ್ನು ತೊಳೆದು ಒರಸಿ, ಕೋವಿ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ವರ್ಷವಿಡೀ ಅಟ್ಟದಲ್ಲಿ ಮಲಗಿದ್ದ ಅಜ್ಜನ ಕಾಲದ ಕೇಪಿನ ಕೋವಿಗಳೂ ಆ ದಿನ ಕೆಳಗಿಳಿಯುತ್ತವೆ. ಮಲೆನಾಡಿನಲ್ಲಿ ಬೆಳೆ ಕಾಯಲು ಇಂಥ ಕೋವಿ ಇಟ್ಟುಕೊಂಡವರೂ ಇದ್ದಾರೆ. ಇವರೆಲ್ಲರೂ ತಿಳಿದಿರಬೇಕಾದುದು ಒಂದಿದೆ: ಕೋವಿ ಒಡೆಯುವುದು ಹಳತಾದ ಮಾತ್ರಕ್ಕೆ ಅಲ್ಲ; ಹೆಚ್ಚಾಗಿ ಅದಕ್ಕೆ ಹಾಕಬಾರದ್ದನ್ನು ಹಾಕಿದ್ದರಿಂದ.

ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿಯೂ ಮಸಿಯಾಗಿಯೂ ಉಳಿಯುತ್ತದೆ. ಉಳಿದುದು ಮಾತ್ರ ಅನಿಲವಾಗಿ ಗುಂಡನ್ನು ತಳ್ಳುತ್ತದೆ. ಹೀಗಾಗಿ ಅದರ ಒತ್ತಡ ಒಂದು ಮಿತಿಯಲ್ಲಿರುತ್ತದೆ. ಹಿಂದಿನ ಕಮ್ಮಾರರು ನಳಿಗೆಯ ದಪ್ಪವನ್ನು ಈ ಒತ್ತಡಕ್ಕೆ ತಕ್ಕಂತೆ ಮಾಡಿದರು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಎಂಬವರು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದರು. ಈಗಿನ ತೋಟಾಗಳಲ್ಲಿರುವುದು ಈ ಬಗೆಯದೇ. ಇದು ಬಹುಪಾಲು ಅನಿಲವೇ ಆಗಿಬಿಡುತ್ತದೆ. ಅಷ್ಟೇ ಅಲ್ಲ, ಒತ್ತಡ ಏರಿದಂತೆಲ್ಲ ಇನ್ನೂ ವೇಗವಾಗಿ ಉರಿಯುತ್ತದೆ. ಒಲೆಯ ಬೆಂಕಿ ತನ್ನನ್ನು ತಾನೇ ಊದಿಕೊಂಡ ಹಾಗೆ. ನಮ್ಮವರು ಕರಿಮದ್ದನ್ನು ತೂಗುವುದಿಲ್ಲ, ಅಳತೆಯ ಕೊಳವೆಯಿಂದ ಹಾಕುತ್ತಾರೆ. ತೋಟಾ ಬಿಚ್ಚಿ ತೆಗೆದ ಮದ್ದನ್ನು ಅದೇ ಕೊಳವೆಯಿಂದ ಹಾಕಿದರೆ ಹಲವು ಪಟ್ಟು ಶಕ್ತಿ ಒಳಗೆ ಹೋದಂತೆ. ನಳಿಗೆ ಸೀಳಿದರೆ ಮೊದಲು ಹೋಗುವುದು ಅದನ್ನು ಹಿಡಿದ ಎಡಗೈ. ಒಂದು ಚಿಟಿಕೆ ಬೆರೆಸಿದರೆ ಏನಾಗುತ್ತದೆ ಎಂದು ಕೇಳುವವರುಂಟು. ಅದೂ ಕೂಡದು.

ಪಟಾಕಿಯ ಮದ್ದು, ಬೆಂಕಿಕಡ್ಡಿಯ ತಲೆಯ ಪುಡಿ ಇವು ಇನ್ನೂ ಕೆಟ್ಟವು. ಕಡ್ಡಿಯ ತಲೆಯಲ್ಲಿರುವ ಪೊಟ್ಯಾಸಿಯಮ್ ಕ್ಲೋರೇಟು ಉಜ್ಜಿದರೇ ಹೊತ್ತಿಕೊಳ್ಳುವ ವಸ್ತು. ಗಜ ಹಾಕಿ ಜಡಿಯುವಾಗಲೇ ಸಿಡಿಯಬಹುದು.

ಖಾಲಿ ತೋಟಾಕ್ಕೆ ಮನೆಯಲ್ಲಿಯೇ ಮತ್ತೆ ಮದ್ದು ತುಂಬುವ ಆಸೆ ಕೆಲವರಿಗೆ. ಅಮೆರಿಕದಂಥ ದೇಶಗಳಲ್ಲಿ ಗುರಿಹೊಡೆತದ ಹವ್ಯಾಸಿಗಳು ಹಾಗೆ ಮಾಡುವುದುಂಟು, ನಿಜ. ಆದರೆ ಅವರು ಮದ್ದಿನ ಕಂಪನಿಯ ಅಚ್ಚಾದ ಕೋಷ್ಟಕವನ್ನು ಮುಂದಿಟ್ಟುಕೊಂಡು, ಚಿನಿವಾರರ ತಕ್ಕಡಿಯಂಥದರಲ್ಲಿ ತೂಗಿ ತುಂಬುತ್ತಾರೆ. ಹಿತ್ತಾಳೆಯ ಚಿಪ್ಪು ಪ್ರತಿ ಸಲ ಹೊಡೆದಾಗಲೂ ಹಿಗ್ಗಿ ದುರ್ಬಲವಾಗುತ್ತದೆ. ಬುಡದಲ್ಲಿ ಸೀಳು ಬಿದ್ದರೆ ಬಿಸಿ ಅನಿಲ ಹೊಡೆಯುವವನ ಮುಖದತ್ತಲೇ ಬರುತ್ತದೆ. ಯಾವ ಮದ್ದೆಂದು ತಿಳಿಯದೆ ಅಂದಾಜಿನ ಮೇಲೆ ತುಂಬುವುದಕ್ಕೂ ಅವರ ಕೆಲಸಕ್ಕೂ ಹೋಲಿಕೆಯೇ ಇಲ್ಲ.

ಕಾನೂನೂ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ 2029ರವರೆಗೆ ಮುಂದುವರಿಸಲಾಯಿತು. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಮದ್ದುಗುಂಡು ತಯಾರಿಸುವುದಕ್ಕಲ್ಲ. 1959ರ ಆಯುಧ ಕಾಯಿದೆಯಂತೆ ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. ಬೆಳೆರಕ್ಷಣೆಯ ಪರವಾನಗಿಯೂ ಕಾಡುಪ್ರಾಣಿ ಕೊಲ್ಲಲು ಅಪ್ಪಣೆಯಲ್ಲ.

ಇನ್ನೊಂದು ಅಪಾಯ, ತುಂಬಿದ್ದು ಮರೆತು ಮತ್ತೆ ತುಂಬುವುದು. ಇದು ಹೊಸಬರ ತಪ್ಪು ಎಂದು ತಿಳಿಯಬೇಡಿ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಯುದ್ಧ ಮುಗಿದ ಮೇಲೆ ರಣರಂಗದಲ್ಲಿ ಆರಿಸಿದ ಸುಮಾರು 27 ಸಾವಿರ ಕೋವಿಗಳಲ್ಲಿ 24 ಸಾವಿರ ತುಂಬಿದ್ದವಂತೆ. ಅವುಗಳಲ್ಲಿ ಅರ್ಧದಷ್ಟರೊಳಗೆ ಎರಡೆರಡು ಗುಂಡು! ಇದಕ್ಕೆ ಕಾಸಿಲ್ಲದ ಉಪಾಯವಿದೆ. ಖಾಲಿಯೆಂದು ಖಂಡಿತವಾದ ನಳಿಗೆಗೆ ಗಜವನ್ನು ತಳಮುಟ್ಟ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೀರು ಹಾಕಿಡಿ. ಮುಂದೆ ಗಜ ಇಳಿಸಿದಾಗ ಗೀರು ಬಾಯಿಗಿಂತ ಮೇಲೆಯೇ ನಿಂತರೆ ಒಳಗೆ ಏನೋ ಇದೆ. ಪೂಜೆಗೆ ಸಿಕ್ಕಿಸಿದ ಹೂವಿನ ದಂಟು, ಕಣಜದ ಮಣ್ಣುಗೂಡು ಕೂಡ ಹೀಗೆಯೇ ಸಿಕ್ಕಿಬೀಳುತ್ತವೆ. ಈ ಪರೀಕ್ಷೆ ಮಾಡುವಾಗ ಕೇಪು ಹಾಕಿರಬಾರದು. ಮುಖವಾಗಲಿ ಅಂಗೈಯಾಗಲಿ ನಳಿಗೆಯ ಬಾಯಿಗೆ ಅಡ್ಡ ಬರಬಾರದು.

ಕೇಪು ಸಿಡಿದೂ ಕೋವಿ ಹಾರದಿದ್ದರೆ ಗುರಿಯತ್ತಲೇ ಹಿಡಿದು ಒಂದು ನಿಮಿಷವಾದರೂ ಕಾಯಿರಿ. ಕಿಡಿ ತಡವಾಗಿ ಮುಟ್ಟುವುದುಂಟು. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ. ಹಿಂದಿನ ಹೊಡೆತದ ಕೆಂಡ ಒಳಗಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. ಡಬ್ಬಿಯನ್ನು ಒಲೆಯ ಅಟ್ಟದಲ್ಲಿಡದೆ ತಂಪಾದ ಒಣ ಜಾಗದಲ್ಲಿ ಬೀಗ ಹಾಕಿಡಿ, ಕೇಪುಗಳನ್ನು ಬೇರೆ ಕಡೆ ಇಡಿ.

ಕರಿಮದ್ದಿನ ಮಸಿ ಉಪ್ಪಿನಂತೆ ನೀರು ಹೀರಿ, ನಮ್ಮ ಮಳೆಗಾಲದಲ್ಲಿ ಬೇಗನೆ ತುಕ್ಕು ಹಿಡಿಸುತ್ತದೆ. ಬರಿಯ ಎಣ್ಣೆಗೆ ಅದು ಹೋಗುವುದಿಲ್ಲ. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಬಟ್ಟೆ ಸುತ್ತಿದ ಗಜದಿಂದ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು.